ಜೀರ್ಣೋದ್ಧಾರವೆಂದರೆ ಯಾವುದು?



ಹಳೆಯ ಕಟ್ಟಡಗಳ ಮಾತು ಬಂದೊಡನೆ ನಮ್ಮವರ ಮನಸ್ಸು ಹಂಪೆಗೋ ಬೇಲೂರಿಗೋ ಓಡುವುದು. ಅಲ್ಲಿಯ ಒಂದೊಂದು ಕಂಬವನ್ನೂ ಕೊಂಡಾಡಿ ಬಂದವರೇ ತಮ್ಮ ಊರ ಕೆರೆಯ ದಂಡೆಯಲ್ಲಿರುವ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದುಂಟು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸುಳ್ಳಲ್ಲ. ಆದಕಾರಣ ಈ ತಿಂಗಳು ನಾವು ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಮೂರು ತಾಲ್ಲೂಕುಗಳ ಕಟ್ಟಡಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ಹೊರಟಿದ್ದೇವೆ.

ಇದಕ್ಕೆ ಕಾರಣವೂ ಉಂಟು. ಈ ಸೀಮೆಯ ಗೃಹಸ್ಥರು ಇತ್ತೀಚೆಗೆ ಎರಡು ಪ್ರಶ್ನೆಗಳನ್ನು ಮೇಲಿಂದ ಮೇಲೆ ಕೇಳುತ್ತಿರುವರು. ಅಜ್ಜನ ಕಾಲದ ಮನೆಯನ್ನು ಕೆಡವಿ ಹೊಸದನ್ನು ಕಟ್ಟಬೇಕೋ, ಇದ್ದುದನ್ನೇ ದುರಸ್ತಿ ಮಾಡಿಸಬೇಕೋ ಎಂಬುದು ಒಂದು. ಊರ ಗುಡಿಯ ಜೀರ್ಣೋದ್ಧಾರಕ್ಕೆಂದು ವಂತಿಗೆ ಕೇಳಲು ಬಂದಿರುವರು, ಹಳೆಯ ಗುಡಿಯನ್ನು ಪೂರ್ತಿ ತೆಗೆದು ಕಾಂಕ್ರೀಟಿನದನ್ನು ಕಟ್ಟುವರಂತೆ, ಕೊಡುವುದೋ ಬಿಡುವುದೋ ಎಂಬುದು ಮತ್ತೊಂದು. ಎರಡು ಪ್ರಶ್ನೆಗಳಿಗೂ ಉತ್ತರವು ಒಂದೇ ಶಬ್ದದ ಅರ್ಥದಲ್ಲಿ ಅಡಗಿರುವುದೆಂದು ನಮಗೆ ತೋರುತ್ತದೆ.

'ಜೀರ್ಣ' ಎಂದರೆ ಸವೆದುದು, ಮುಪ್ಪಾದುದು. 'ಉದ್ಧಾರ' ಎಂದರೆ ಮೇಲಕ್ಕೆತ್ತುವುದು. ಬಾವಿಗೆ ಬಿದ್ದ ಹಸುವನ್ನು ಹಗ್ಗ ಕಟ್ಟಿ ಮೇಲೆತ್ತಿದರೆ ಅದು ಉದ್ಧಾರ. ಆ ಹಸುವನ್ನು ಬಾವಿಯಲ್ಲಿಯೇ ಬಿಟ್ಟು, ಸಂತೆಗೆ ಹೋಗಿ ಬೇರೊಂದನ್ನು ಕೊಂಡು ತಂದರೆ ಅದನ್ನು ವ್ಯಾಪಾರವೆನ್ನಬಹುದಲ್ಲದೆ ಉದ್ಧಾರವೆನ್ನಲಾಗದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯನ್ನು ಒಮ್ಮೆ ಸುತ್ತಿ ಬರೋಣ.

ಶಿರಸಿಯಿಂದ ಆಗ್ನೇಯಕ್ಕೆ ಸುಮಾರು 15 ಮೈಲು ದೂರದಲ್ಲಿ, ವರದಾ ನದಿಯ ದಂಡೆಯ ಮೇಲೆ, ಬನವಾಸಿಯಿರುವುದು. ಕ್ರಿ. ಶ. ಎರಡನೆಯ ಶತಮಾನದ ಭೂಗೋಳಜ್ಞನಾದ ಟಾಲೆಮಿಗೆ ಈ ಊರಿನ ಹೆಸರು ಗೊತ್ತಿತ್ತು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವು ವನವಾಸ ದೇಶಕ್ಕೆ ಧರ್ಮಬೋಧನೆಗಾಗಿ ಬಂದನೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮನು ಸ್ಥಾಪಿಸಿದ ಕದಂಬ ರಾಜ್ಯಕ್ಕೆ ಇದೇ ರಾಜಧಾನಿಯಾಯಿತು. ಇಮ್ಮಡಿ ಪುಲಕೇಶಿಯು ಈ ನಗರವನ್ನು ಗೆದ್ದ ಸಂಗತಿಯನ್ನು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ವರ್ಣಿಸಿದ್ದಾನೆ. ಹತ್ತನೆಯ ಶತಮಾನದ ಪಂಪನಿಗೆ ಬನವಾಸಿಯ ಮೇಲಿದ್ದ ಪ್ರೀತಿಯನ್ನು ಕನ್ನಡ ಬಲ್ಲವರಿಗೆ ನಾವು ಹೇಳಬೇಕಾದುದಿಲ್ಲ.

ಈ ಎಲ್ಲ ಕೀರ್ತಿಗಿಂತಲೂ ಹೆಚ್ಚಾಗಿ ನಮ್ಮ ಮನಸ್ಸನ್ನು ಹಿಡಿಯುವುದು ಅಲ್ಲಿಯ ಮಧುಕೇಶ್ವರ ದೇವಾಲಯದಲ್ಲಿರುವ ಒಂದು ನಾಗಶಿಲೆ. ಐದು ಹೆಡೆಯ ಆ ನಾಗನ ಅಂಚಿನಲ್ಲಿ ಪ್ರಾಕೃತ ಭಾಷೆಯ ಶಾಸನವುಂಟು. ಕದಂಬರಿಗಿಂತ ಮೊದಲು ಆಳಿದ ಚುಟು ವಂಶದ ಕಾಲದ್ದು ಅದು. ರಾಜಕುಮಾರಿಯೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನ ಮಾಡಿದುದನ್ನು ತಿಳಿಸಿ, ಕೊನೆಯಲ್ಲಿ ದಾಮೋರಕಾಚಾರ್ಯನ ಶಿಷ್ಯನಾದ ನಟಕನು ಈ ನಾಗನನ್ನು ಮಾಡಿದನೆಂದು ಹೇಳುತ್ತದೆ. ಎಷ್ಟೋ ಅರಸರ ಹೆಸರುಗಳು ಅಳಿದುಹೋದುವು. ಕಲ್ಲು ಕಡೆದ ಶಿಷ್ಯನ ಹೆಸರೂ ಅವನಿಗೆ ವಿದ್ಯೆ ಕಲಿಸಿದ ಗುರುವಿನ ಹೆಸರೂ ಉಳಿದುವು. ಉಪಾಧ್ಯಾಯ ವೃತ್ತಿಯಲ್ಲಿ ಜೀವಮಾನವನ್ನು ಕಳೆದ ನಮಗೆ ಇದರಿಂದ ಎಷ್ಟು ಸಂತೋಷವಾಗಿರಬಹುದೆಂದು ವಾಚಕರೇ ಊಹಿಸಿಕೊಳ್ಳಲಿ.

ಇನ್ನು ದೇವಾಲಯವನ್ನೇ ನೋಡಿರಿ. ಗರ್ಭಗೃಹವು ಸರಳವಾದುದು; ಅಲಂಕಾರ ಕಡಿಮೆ, ಗೋಡೆ ದಪ್ಪ. ಅದರ ಮುಂದೆ ಕಲ್ಯಾಣದ ಚಾಲುಕ್ಯರ ಕಾಲದ ಸಭಾಮಂಟಪ ಬಂದಿತು. ಕನ್ನಡಿಯಂತೆ ನುಣುಪಾದ ದುಂಡುಗಂಬಗಳು ಅಲ್ಲಿಯವು. ಪ್ರಾಕಾರದ ಸುತ್ತ ದಿಕ್ಪಾಲಕರ ಚಿಕ್ಕ ಗುಡಿಗಳಾದುವು. ಕೊನೆಗೆ ಸೋದೆಯ ಅರಸರ ಕಾಲದಲ್ಲಿ ದೇವರ ಉತ್ಸವಕ್ಕೆಂದು ಕಲ್ಲಿನ ಮಂಚ ಬಂದಿತು. ಕಲ್ಲನ್ನು ಮರದಂತೆ ಕೊರೆದ ಆ ಮಂಚವನ್ನು ನೋಡಿದವರು ಬೆರಳಿನಿಂದ ತಟ್ಟಿ ಪರೀಕ್ಷಿಸದೆ ಇರಲಾರರು. ಹೀಗೆ ಒಂದು ಸಾವಿರ ವರ್ಷಕ್ಕೂ ಮಿಗಿಲಾಗಿ ಒಬ್ಬರಾದ ಮೇಲೊಬ್ಬರು ಆ ಗುಡಿಗೆ ಏನನ್ನಾದರೂ ಕೂಡಿಸಿದರು. ಹಿಂದಿನವರು ಕಟ್ಟಿದ್ದು ತಮ್ಮ ಕಾಲದ ರುಚಿಗೆ ಒಪ್ಪದೆಂದು ಯಾರೂ ಅದನ್ನು ಒಡೆದು ಹಾಕಲಿಲ್ಲ. ಜೀರ್ಣೋದ್ಧಾರದ ಪಾಠಕ್ಕೆ ಇದಕ್ಕಿಂತ ದೊಡ್ಡ ಪಠ್ಯಪುಸ್ತಕ ಬೇಕಿಲ್ಲ.

ಬನವಾಸಿಯ ಬಳಿಯ ಗುಡ್ನಾಪುರದಲ್ಲಿ ವಿಶಾಲವಾದ ಕೆರೆಯೊಂದುಂಟು. ಅದರ ದಂಡೆಯಲ್ಲಿ ಕದಂಬ ರವಿವರ್ಮನ ಸ್ತಂಭಶಾಸನವು 1970ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದಿತು. ಮನ್ಮಥನಿಗೆ ಆ ಅರಸನು ಕಟ್ಟಿಸಿದ ಆಲಯದ ವಿಚಾರವು ಅದರಲ್ಲಿರುವುದು. ಆಲಯವೂ ಅರಮನೆಯೂ ಮಣ್ಣಾದುವು, ಆದರೆ ಕೆರೆಯ ನೀರು ಇಂದಿಗೂ ಗದ್ದೆಗೆ ಹರಿಯುತ್ತಿದೆ. ನಿತ್ಯವೂ ಜನರಿಗೆ ಬೇಕಾದ ವಸ್ತುವು ಅರಮನೆಗಿಂತ ಹೆಚ್ಚು ಕಾಲ ಬಾಳುವುದೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಶಿರಸಿಯಿಂದ ಉತ್ತರಕ್ಕೆ ಸುಮಾರು 12 ಮೈಲು ಹೋದರೆ ಸೋದೆ. ಸಂಸ್ಕೃತದಲ್ಲಿ ಸುಧಾಪುರವೆಂದೂ ರೂಢಿಯಲ್ಲಿ ಸ್ವಾದಿ, ಸೋಂದಾ ಎಂದೂ ಕರೆಯುವರು. ಹದಿನಾರನೆಯ ಶತಮಾನದ ಮಧ್ಯದಲ್ಲಿ ಅರಸಪ್ಪನಾಯಕನಿಂದ ಮೊದಲ್ಗೊಂಡು ಇನ್ನೂರು ವರ್ಷಗಳವರೆಗೆ ಇಲ್ಲಿ ನಾಯಕ ಅರಸರ ಆಳಿಕೆ ನಡೆಯಿತು. ಈ ಊರಿನ ವಿಶೇಷವೆಂದರೆ, ಕೆಲವೇ ಮೈಲುಗಳ ಅಂತರದಲ್ಲಿ ಮಾಧ್ವರ ವಾದಿರಾಜ ಮಠ, ಅದ್ವೈತಿಗಳ ಸ್ವರ್ಣವಲ್ಲೀ ಮಠ, ಜೈನ ಮಠ, ಈ ಮೂರೂ ಇರುವುವು. ವಾದಿರಾಜ ಯತಿಗಳು ತ್ರಿವಿಕ್ರಮ ದೇವರನ್ನು ಪ್ರತಿಷ್ಠಿಸಿ, 1600ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು. ಶಾಸ್ತ್ರದಲ್ಲಿ ಪರಸ್ಪರ ಖಂಡನೆ ಮಾಡಿದ ಮತಗಳು ಒಂದೇ ಅರಸೊತ್ತಿಗೆಯ ನೆರಳಿನಲ್ಲಿ ನೆರೆಹೊರೆಯಾಗಿ ಬಾಳಿದುವು. ಶಾಲ್ಮಲೀ ಹೊಳೆಯ ಬಂಡೆಗಳ ಮೇಲೆ ಲಿಂಗಗಳನ್ನೂ ನಂದಿಗಳನ್ನೂ ಕಡೆಯಿಸಿದ ಸಹಸ್ರಲಿಂಗವೆಂಬ ಕ್ಷೇತ್ರವು ಇದೇ ವಂಶದ ಸದಾಶಿವರಾಯನ ಕಾಲದ್ದು. ಮಳೆಗಾಲದಲ್ಲಿ ಹೊಳೆಯೇ ಅಭಿಷೇಕ ಮಾಡುವುದು, ಬೇಸಗೆಯಲ್ಲಿ ನೀರಿಳಿದಾಗ ದರ್ಶನವಾಗುವುದು. ಗೋಡೆ ಮಾಡುಗಳಿಲ್ಲದ ಇಂಥ ದೇವಾಲಯವನ್ನು ಯೋಚಿಸಿದವನ ಬುದ್ಧಿಯನ್ನು ಮೆಚ್ಚಬೇಕು.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಸ್ವಲ್ಪ ಕಾಲದಲ್ಲಿಯೇ ಸೋದೆಯೂ ವಶವಾಯಿತು. ಅಲ್ಲಿಯ ಅರಸನು ಪೋರ್ತುಗೀಜರ ಆಶ್ರಯ ಬೇಡಿ ಗೋವೆಗೆ ಹೋದನು. 1801ರಲ್ಲಿ ಈ ಮಾರ್ಗವಾಗಿ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯನು, ಹಿಂದೆ ದೊಡ್ಡ ಪಟ್ಟಣವಾಗಿದ್ದ ಸೋದೆಯು ಹಾಳುಬಿದ್ದಿರುವುದನ್ನು ಕಂಡು ಬರೆದಿಟ್ಟಿದ್ದಾನೆ. ಈಗ ಕೋಟೆಯ ಗೋಡೆಗಳ ಮೇಲೆ ಮರಗಳು ಬೆಳೆದಿವೆ. ಅರಸರು ಇಲ್ಲವಾದರು, ಮಠಗಳು ಉಳಿದುವು. ಅಲ್ಲಿ ಪ್ರತಿದಿನವೂ ದೀಪ ಹಚ್ಚುವವರೂ ಗುಡಿಸುವವರೂ ಇದ್ದುದೇ ಇದಕ್ಕೆ ಕಾರಣ.

ಸಿದ್ದಾಪುರದ ಪಶ್ಚಿಮಕ್ಕೆ 5 ಮೈಲುಗಳಲ್ಲಿರುವ ಬಿಳಗಿಯೂ ಒಂದು ಚಿಕ್ಕ ರಾಜಧಾನಿ. ಪಂಡಿತರು ಇದನ್ನು ಶ್ವೇತಪುರವೆಂದು ಸಂಸ್ಕೃತೀಕರಿಸಿದರು. ಅಲ್ಲಿಯ ರತ್ನತ್ರಯ ಬಸದಿಯಲ್ಲಿ ನೇಮಿನಾಥ, ಪಾರ್ಶ್ವನಾಥ, ವರ್ಧಮಾನ ಈ ಮೂವರು ತೀರ್ಥಂಕರರಿರುವರು. ಅದೇ ಊರಿನಲ್ಲಿ ವಿರೂಪಾಕ್ಷನ ಗುಡಿಯೂ, ಗೋಲಬಾವಿಯೆಂದು ಹೆಸರಾದ ಕಲ್ಲಿನ ಬಾವಿಯೂ ಇರುವುವು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇದೇ ಬಿಳಗಿಯ ಅರಸರ ಆಶ್ರಯದಿಂದ ಭುವನಗಿರಿಯ ಬೆಟ್ಟದ ಮೇಲೆ ಭುವನೇಶ್ವರಿಯ ಗುಡಿಯು ಪೂರ್ಣವಾಯಿತು. ಕನ್ನಡ ತಾಯಿಯ ಹೆಸರಿನೊಡನೆ ಭುವನೇಶ್ವರಿಯನ್ನು ನೆನೆಯುವ ನಮ್ಮ ಜನರು ನವೆಂಬರ ತಿಂಗಳಲ್ಲಿ ಅಲ್ಲಿಯ ಮೆಟ್ಟಿಲುಗಳನ್ನು ಹತ್ತುವರು.

ಶಿರಸಿಯ ಮಾರಿಕಾಂಬಾ ದೇವಾಲಯಕ್ಕೆ ಬರೋಣ. 1689ರ ಸುಮಾರಿಗೆ ಪ್ರತಿಷ್ಠೆಯಾದ ಈ ದೇವಿಯ ಮೂರ್ತಿ ಮರದ್ದು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ತಾಯಿಯು ರಥವೇರಿ ಪೇಟೆಗೆ ಬರುವುದನ್ನು ನೋಡದ ಮನೆಯವರು ಈ ಸೀಮೆಯಲ್ಲಿ ವಿರಳ. ಇಲ್ಲಿ ಹಿಂದೆ ನಡೆಯುತ್ತಿದ್ದ ಕೋಣನ ಬಲಿಯು 1930ರ ದಶಕದಲ್ಲಿ, ಗಾಂಧೀಜಿಯವರ ಭೇಟಿಯ ಪ್ರಭಾವದಿಂದಲೂ ಊರ ಸುಧಾರಕರ ಪ್ರಯತ್ನದಿಂದಲೂ, ನಿಂತಿತು. ಸಂಪ್ರದಾಯದಲ್ಲಿ ಬಿಡತಕ್ಕದ್ದನ್ನು ಬಿಟ್ಟರೂ ದೇವಾಲಯಕ್ಕೆ ಕುಂದು ಬರಲಿಲ್ಲ. ಈ ಮಾತು ಮುಂದೆ ಉಪಯೋಗಕ್ಕೆ ಬರುವುದು.

ಈ ಗುಡಿಯ ಗೋಡೆಗಳು ಕಾವಿ ಚಿತ್ರಗಳಿಗೆ ಹೆಸರಾದುವು. ಕಾವಿ ಚಿತ್ರವೆಂದರೆ ಬರಿಯ ಬಣ್ಣ ಬಳಿದುದಲ್ಲ. ಕಪ್ಪೆಚಿಪ್ಪಿನ ಸುಣ್ಣಕ್ಕೆ ತೊಳೆದ ಮರಳನ್ನೂ ಬೆಲ್ಲದ ನೀರನ್ನೂ ಬೆರೆಸಿ, ಕೆಲವು ದಿನ ಕೊಳೆಯಿಟ್ಟು, ಚೆನ್ನಾಗಿ ಕುಟ್ಟಿ ಹದಮಾಡಿದ ಗಾರೆಯನ್ನು ಗೋಡೆಗೆ ಮೆತ್ತುವರು. ಅದು ಹಸಿಯಾಗಿರುವಾಗಲೇ ಹುರುಮುಂಜಿನ ಕೆಂಪನ್ನು ತೆಳುವಾಗಿ ಸವರಿ ನುಣುಪು ಮಾಡುವರು. ಬಳಿಕ ಕಬ್ಬಿಣದ ಮೊನೆಯಿಂದ ಕೆರೆದರೆ ಕೆಂಪಿನ ಕೆಳಗಿನ ಬಿಳಿ ಕಾಣಿಸಿ ಚಿತ್ರವಾಗುವುದು. ಗಾರೆ ಒಣಗಿ ಬಿಗಿದ ಮೇಲೆ ತಿದ್ದುವಂತಿಲ್ಲ, ಆದಕಾರಣ ಕೈ ನಡುಗದ ಕಸಬುದಾರ ಬೇಕು. ಕೊಂಕಣ ಕರಾವಳಿಯಲ್ಲಿಯೂ ನಮ್ಮ ಸೀಮೆಯಲ್ಲಿಯೂ ಇಂಥ ಗೋಡೆಗಳು ಹಲವು ಗುಡಿಗಳಲ್ಲಿದ್ದುವು. ಹೊಸ ಗೋಡೆ ಬೇಕೆಂಬ ಆತುರಕ್ಕೆ ಅವುಗಳಲ್ಲಿ ಅನೇಕವು ಬಲಿಯಾದುವು.

ಇಲ್ಲಿಯವರೆಗೆ ಅರಸರನ್ನೂ ದೇವರನ್ನೂ ಕುರಿತು ಹೇಳಿದೆವು. ಆದರೆ ಈ ಸೀಮೆಯಲ್ಲಿ ನಿಜವಾಗಿ ನೋಡತಕ್ಕದ್ದು ಒಕ್ಕಲಿನ ಮನೆ. ಯಲ್ಲಾಪುರ ತಾಲ್ಲೂಕಿನಲ್ಲಿ ಬನವಾಸಿಯಂಥ ರಾಜಧಾನಿಯಿಲ್ಲ. ಹುಬ್ಬಳ್ಳಿಯ ಬಯಲಿನಿಂದ ಅರಬೈಲು ಘಟ್ಟವನ್ನಿಳಿದು ಕರಾವಳಿಗೆ ಹೋಗುವ ಹೆದ್ದಾರಿ, ಅದರ ಎರಡು ಮಗ್ಗುಲಿನ ಕಾಡು, ಕಾಡಿನ ನಡುವೆ ಕಣಿವೆ ಕಣಿವೆಗೆ ಒಂದೊಂದು ತೋಟ, ತೋಟದ ತಲೆಯಲ್ಲಿ ಒಂದೊಂದು ಮನೆ, ಇದೇ ಅದರ ವೈಭವ. ಆಫ್ರಿಕದ ಮೂಲದಿಂದ ಗೋವೆಯ ದಾಸ್ಯಕ್ಕೆ ಸಿಕ್ಕಿ, ಅಲ್ಲಿಂದ ತಪ್ಪಿಸಿಕೊಂಡು ಬಂದವರ ಸಂತತಿಯವರೆನ್ನಲಾದ ಸಿದ್ದಿ ಜನರೂ ಇದೇ ಕಾಡಿನಂಚಿನಲ್ಲಿ ಮಣ್ಣಿನ ಗೋಡೆಯ ಮನೆಗಳನ್ನು ಕಟ್ಟಿಕೊಂಡು ನಮ್ಮವರಾದರು.

ವರ್ಷಕ್ಕೆ ಸುಮಾರು 100 ಅಂಗುಲ ಮಳೆ ಸುರಿಯುವ ನೆಲವಿದು. ಇಲ್ಲಿಯ ಮನೆಯನ್ನು ಕಟ್ಟಿದವನು ಕಲ್ಲುಕುಟಿಗನಲ್ಲ, ಮಳೆಯೇ ಎನ್ನಬಹುದು. ಗೋಡೆಗೆ ನೀರು ತಾಗದಂತೆ ಮಾಡು ಕೆಳಗಿನವರೆಗೆ ಇಳಿದಿರುವುದು. ಮರದ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬುಡದಲ್ಲಿ ಕಲ್ಲು ಇರುವುದು. ಅಂಗಳ, ಜಗಲಿ, ಒಳಜಗಲಿ, ದೇವರ ಕೋಣೆ, ಅಡುಗೆಮನೆ, ಬಚ್ಚಲು, ಆಚೆಗೆ ಕೊಟ್ಟಿಗೆ ಹೀಗೆ ಒಂದರ ಬೆನ್ನಿಗೊಂದು. ಜಗಲಿಯ ಅಗಲಕ್ಕೂ ಕಾರಣವುಂಟು: ಕೊಯ್ಲಿನ ದಿನಗಳಲ್ಲಿ ಹತ್ತಾರು ಜನರು ಮೆಟ್ಟುಗತ್ತಿಯ ಮೇಲೆ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿಯಬೇಕು. ಅಡುಗೆಯ ಒಲೆಯ ಹೊಗೆ ಮೇಲೆ ಮೆತ್ತಿಗೆ ಏರಿ, ಅಲ್ಲಿಯ ಕಾಳುಕಡಿಯನ್ನೂ ಮಾಡಿನ ಮರವನ್ನೂ ಹುಳು ಹಿಡಿಯದಂತೆ ಕಾಯುತ್ತಿತ್ತು. ಮೊದಲು ಕರಡದ ಹುಲ್ಲು ಅಥವಾ ಅಡಿಕೆಯ ಸೋಗೆ ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ಆರಂಭಿಸಿದ ತರುವಾಯ ಮಂಗಳೂರು ಹಂಚು ಘಟ್ಟ ಹತ್ತಿ ಬಂದಿತು. ಬೆಂಕಿಯ ಭಯವೂ ವರ್ಷವರ್ಷ ಹೊದಿಸುವ ಕಷ್ಟವೂ ತಪ್ಪಿತು. ನಾವು ಇಂದು ಹಳೆಯದೆಂದು ಹೇಳುವ ಹಂಚಿನ ಮನೆಯೂ ಹೀಗೆ ತನ್ನ ಕಾಲದ ಹೊಸದನ್ನು ಒಪ್ಪಿಕೊಂಡೇ ಬಂದಿತು.

ಸಿದ್ದಾಪುರ, ಶಿರಸಿಯ ಕಡೆಯ ದೀವರ ಮನೆಗಳ ಗೋಡೆಯನ್ನು ನೋಡಿದವರು ಹಸೆ ಚಿತ್ತಾರವನ್ನು ಮರೆಯಲಾರರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ ಬಣ್ಣಗಳಿಂದ, ಪುಂಡಿನಾರಿನ ಕುಂಚ ಹಿಡಿದು, ಹೆಂಗಸರು ಗೆರೆಗೆ ಗೆರೆ ಕೂಡಿಸಿ ಮದುವೆಯ ಹಸೆಯನ್ನು ಬರೆಯುವರು. ಅಳತೆಗೋಲಿಲ್ಲದೆ ಎಳೆದ ಆ ಗೆರೆಗಳ ನೇರವನ್ನು ನೋಡಿದರೆ ರೇಖಾಗಣಿತ ಕಲಿಸಿದ ನಮ್ಮಂಥವರಿಗೂ ಆಶ್ಚರ್ಯವಾಗುವುದು. ಗುಡಿಗಾರರ ಗಂಧದ ಕೆತ್ತನೆಗೆ ಊರೂರಿನ ಪ್ರದರ್ಶನಗಳಲ್ಲಿ ಬಹುಮಾನ ಬಂದಿತು. ಗೋಡೆಯ ಚಿತ್ತಾರವಾದರೋ ಮುಂದಿನ ಸಾರಣೆಯವರೆಗೆ ಬಾಳುವುದು. ಗೋಡೆ ಅಳಿದರೂ ಕೈಯ ವಿದ್ಯೆ ಉಳಿದಿರುವವರೆಗೆ ಚಿತ್ತಾರವು ಅಳಿಯುವುದಿಲ್ಲ.

ಈ ಮನೆಗಳಿಗೆ ಸ್ವಾತಂತ್ರ್ಯದ ಇತಿಹಾಸವೂ ಉಂಟು. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರ ಮತ್ತು ಅಂಕೋಲೆಯ ರೈತರು ಮನೆಮಾರುಗಳ ಜಪ್ತಿಗೆ ಅಂಜದೆ ನಿಂತರು. ಜಪ್ತಾದ ಆಸ್ತಿಯನ್ನು ಕೊಂಡವರ ಬಾಗಿಲಲ್ಲಿ ಮಾವಿನಗುಂಡಿಯ ಕಡೆಯ ಹೆಂಗಸರು ಉಪವಾಸ ಕುಳಿತರು. ಹೀಗೆ ಕಳೆದುಕೊಂಡು ಮತ್ತೆ ಪಡೆದ ಮನೆಯ ಹೊಸ್ತಿಲು ಬರಿಯ ಮರದ ತುಂಡಲ್ಲವೆಂಬುದನ್ನು ಮೊಮ್ಮಕ್ಕಳಿಗೆ ಯಾರಾದರೂ ಹೇಳಬೇಕಷ್ಟೆ.

ಹಾಗಾದರೆ ಈ ಮನೆಗಳು ಈಗ ಏಕೆ ಬೀಳುತ್ತಿವೆ? ಕೆಲವು ಮನೆಗಳು ನೀರಿಗೆ ಹೋದುವು. ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿಯಲ್ಲಿ ಕಾಳೀ ನದಿಗೆ ಅಣೆಕಟ್ಟು ಆದಾಗ ತೋಟಮನೆಗಳೊಡನೆ ಹಳ್ಳಿಗಳೇ ಮುಳುಗಿದುವು. ಉಳಿದ ಮನೆಗಳನ್ನು ಕೆಡಹುತ್ತಿರುವವರು ಹೈದರನ ದಂಡಿನವರಲ್ಲ, ಮನೆಯ ಒಡೆಯರೇ. ಮಕ್ಕಳು ಬೆಂಗಳೂರಿನಲ್ಲಿರುವರು. ಹಿರಿಯರಿಬ್ಬರೇ ಇಪ್ಪತ್ತು ಜನರ ಮನೆಯಲ್ಲಿರುವರು. ಹಂಚು ಸರಿಪಡಿಸುವ ಆಳು ಸಿಕ್ಕುವುದಿಲ್ಲ. ಒಂದು ಕಡೆ ಸೋರಿಕೆ ಆರಂಭವಾದರೆ ಎರಡು ಮಳೆಗಾಲಗಳಲ್ಲಿ ಜಂತಿ ಕೊಳೆಯುವುದು. ಆಗ ಹಳೆಯ ಸಾಮಾನಿನ ವ್ಯಾಪಾರಿಯು ಬಂದು ಕೆತ್ತನೆಯ ಕಂಬಕ್ಕೂ ಬಾಗಿಲವಾಡಕ್ಕೂ ಬೆಲೆ ಹೇಳುವನು. ಅಜ್ಜನು ಕೂಡಿಟ್ಟ ಹಲಸಿನ ಕಂಬವು ಯಾವುದೋ ಪಟ್ಟಣದ ಹೋಟೆಲಿನ ಅಲಂಕಾರಕ್ಕೆ ಹೋಗುವುದು.

ಹಳೆಯದೆಲ್ಲವೂ ಚಿನ್ನವೆಂದು ನಾವು ಹೇಳಲಾರೆವು. ಆ ಮನೆಯ ಅಡುಗೆಯ ಕೋಣೆಯಲ್ಲಿ ಹೊಗೆ ಕುಡಿದು ಕಣ್ಣು ಕಳೆದುಕೊಂಡವರು ನಮ್ಮ ತಾಯಂದಿರು. ಕಂಬಕ್ಕೆ ಹಿತವಾದ ಹೊಗೆಯು ಅವರ ಎದೆಗೆ ಹಿತವಾಗಿರಲಿಲ್ಲ. ಬಾಣಂತಿಯನ್ನು ಬೆಳಕು ಗಾಳಿಯಿಲ್ಲದ ಕೋಣೆಯಲ್ಲಿಡುತ್ತಿದ್ದರು. ಯಾರು ಜಗಲಿಯನ್ನೇರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು ಎಂಬ ಲೆಕ್ಕವೂ ಆ ಕಟ್ಟಡದಲ್ಲಿಯೇ ಬರೆದಿತ್ತು. ಅಂಥ ಲೆಕ್ಕವನ್ನು ಅಳಿಸಿದ್ದು ಒಳ್ಳೆಯದಾಯಿತು. ಮಾರಿಕಾಂಬೆಯ ಗುಡಿಯಲ್ಲಿ ಬಲಿಯನ್ನು ಬಿಟ್ಟು ಗುಡಿಯನ್ನು ಉಳಿಸಿದಂತೆ, ಕತ್ತಲೆಯನ್ನು ತೆಗೆದು ಮನೆಯನ್ನು ಉಳಿಸಬಹುದು. ಮಾಡಿಗೆ ನಾಲ್ಕು ಗಾಜಿನ ಹಂಚು ಹಾಕಿರಿ. ಅಡುಗೆಯ ಕೋಣೆಗೆ ದೊಡ್ಡ ಕಿಟಕಿಯನ್ನೂ ಹೊಗೆಗೊಳವೆಯನ್ನೂ ಇಡಿರಿ. ಮುದುಕರಿಗೆ ಅನುಕೂಲವಾಗುವಂತೆ ಬಚ್ಚಲನ್ನು ಹತ್ತಿರ ತನ್ನಿರಿ. ಜಗಲಿಯನ್ನು ಎಲ್ಲರಿಗೂ ತೆರೆಯಿರಿ. ಇಷ್ಟನ್ನು ಮಾಡಲು ಮನೆಯನ್ನು ಕೆಡಹಬೇಕಾಗಿಲ್ಲ.

ಹೊರದೇಶದ ಎರಡು ದೃಷ್ಟಾಂತಗಳನ್ನು ಇಲ್ಲಿ ಹೇಳಬೇಕು. ಜಪಾನ ದೇಶದ ಇಸೆ ಎಂಬಲ್ಲಿ ಮರದಿಂದ ಕಟ್ಟಿದ ಪ್ರಸಿದ್ಧ ದೇವಾಲಯವುಂಟು. ಅದನ್ನು 20 ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಹಿಂದಿನ ಅಳತೆಯಲ್ಲಿಯೇ ಹೊಸದಾಗಿ ಕಟ್ಟುವರು; 2013ರಲ್ಲಿ ಹಾಗೆ ಕಟ್ಟಿದರು. ಅಲ್ಲಿ ಮರ ಹೊಸದು, ಆದರೆ ವಿದ್ಯೆ ಹಳೆಯದು. ಪ್ರತಿ ತಲೆಮಾರಿನ ಬಡಗಿಯೂ ಹಿಂದಿನವನ ಕೈಕೆಳಗೆ ಕಲಿತಿರುವನು. ಇನ್ನೊಂದು ಪೋಲೆಂಡಿನದು. 1944ರಲ್ಲಿ ಜರ್ಮನರು ವಾರ್ಸಾ ನಗರವನ್ನು ಬೀದಿಬೀದಿಯಾಗಿ ನೆಲಸಮ ಮಾಡಿದರು. ಯುದ್ಧ ಮುಗಿದ ಮೇಲೆ ಅಲ್ಲಿಯ ಜನರು ತಮ್ಮ ಹಳೆಯ ಪೇಟೆಯನ್ನು ಮತ್ತೆ ಕಟ್ಟಿದರು. ಹದಿನೆಂಟನೆಯ ಶತಮಾನದ ಬೆಲೊಟ್ಟೊ ಎಂಬ ಚಿತ್ರಕಾರನ ಚಿತ್ರಗಳೂ, ಯುದ್ಧಕ್ಕೆ ಮುಂಚೆ ವಾಸ್ತುವಿದ್ಯಾರ್ಥಿಗಳು ಮನೆಮನೆಯನ್ನೂ ಅಳೆದು ಬರೆದಿಟ್ಟ ನಕ್ಷೆಗಳೂ ಇದಕ್ಕೆ ಆಧಾರವಾದುವು. 1980ರಲ್ಲಿ ಆ ಪೇಟೆಯನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಕಟ್ಟಡವು ಹೋದರೂ ಅಳತೆಯೂ ವಿದ್ಯೆಯೂ ಉಳಿದರೆ ಮತ್ತೆ ಕಟ್ಟಬಹುದು. ನಮ್ಮಲ್ಲಿ ಮೂರನ್ನೂ ಒಟ್ಟಿಗೆ ಬಿಡುತ್ತಿರುವೆವು.

ಆದಕಾರಣ ಗೃಹಸ್ಥರು ತಮ್ಮ ಕೈಯಲ್ಲಿರುವಷ್ಟನ್ನಾದರೂ ಮಾಡಬೇಕೆಂದು ನಮ್ಮ ಪ್ರಾರ್ಥನೆ.

ಮೊದಲನೆಯದಾಗಿ, ಮನೆಯನ್ನು ಅಳೆಯಿರಿ. ರಜೆಗೆ ಬಂದ ಮಕ್ಕಳ ಕೈಗೆ ಅಳತೆಪಟ್ಟಿಯನ್ನೂ ಚೌಕದ ಕಾಗದವನ್ನೂ ಕೊಟ್ಟರೆ ಎರಡು ದಿನಗಳಲ್ಲಿ ನಕ್ಷೆಯಾಗುವುದು. ಕೋಣೆ ಕೋಣೆಯ ಭಾವಚಿತ್ರವನ್ನು ತೆಗೆಯಲಿ. ಪ್ರತಿಯೊಂದು ಭಾಗಕ್ಕೆ ಅಜ್ಜಿಯು ಹೇಳುವ ಹೆಸರನ್ನು ಅದರ ಮೇಲೆ ಬರೆಯಲಿ. ಹೆಸರು ಮರೆತ ವಸ್ತುವನ್ನು ಕಳೆದುಕೊಳ್ಳುವುದು ಸುಲಭ.

ಎರಡನೆಯದಾಗಿ, ಮೃಗಶಿರೆಯ ಮಳೆಗೆ ಮೊದಲೇ ಮಾಡನ್ನು ನೋಡಿಸಿರಿ. ಒಡೆದ ಹಂಚನ್ನು ಬದಲಾಯಿಸುವುದಕ್ಕೆ ಆಗುವ ಖರ್ಚು ಅಲ್ಪ, ಕೊಳೆತ ಜಂತಿಯನ್ನು ಬದಲಾಯಿಸುವುದಕ್ಕೆ ಆಗುವುದು ಅಪಾರ. ಗುಡಿಯ ಕಲ್ಲಿನ ಸಂದಿನಲ್ಲಿ ಚಿಗುರಿದ ಅರಳಿಯ ಸಸಿಯನ್ನು ಬೆರಳಿನಷ್ಟಿರುವಾಗಲೇ ತೆಗೆಯಿರಿ. ಮರವಾದ ಮೇಲೆ ಅದರ ಬೇರು ಶಿಖರವನ್ನೇ ಸೀಳುವುದು.

ಮೂರನೆಯದಾಗಿ, ಮಣ್ಣಿನ ಗೋಡೆಗೂ ಸುಣ್ಣದ ಗಾರೆಯ ಗೋಡೆಗೂ ಸಿಮೆಂಟನ್ನು ಮೆತ್ತಬೇಡಿರಿ. ಮಣ್ಣೂ ಸುಣ್ಣವೂ ಮಳೆಗಾಲದ ತೇವವನ್ನು ಹೀರಿ ಬೇಸಗೆಯಲ್ಲಿ ಬಿಟ್ಟುಕೊಡುವುವು. ಸಿಮೆಂಟು ಆ ತೇವವನ್ನು ಒಳಗೆಯೇ ಕಟ್ಟಿಹಾಕುವುದರಿಂದ ಹೊರಗೆ ಗಟ್ಟಿಯಾಗಿ ಕಂಡ ಗೋಡೆ ಒಳಗೆ ಹಿಟ್ಟಾಗುವುದು. ಕೆತ್ತನೆಯ ಕಲ್ಲಿಗೆ ಎಣ್ಣೆಬಣ್ಣ ಬಳಿಯುವುದೂ ಇಂಥದೇ ತಪ್ಪು, ಅಕ್ಷರಗಳು ಮುಚ್ಚಿಹೋಗುವುವು.

ನಾಲ್ಕನೆಯದಾಗಿ, ಶಾಸನಗಳೂ ವೀರಗಲ್ಲು ಮಾಸ್ತಿಕಲ್ಲುಗಳೂ ಇದ್ದಲ್ಲಿಯೇ ಇರಲಿ. ಹೊಸದಾಗಿ ಕಂಡರೆ ಪುರಾತತ್ವ ಇಲಾಖೆಗೆ ತಿಳಿಸಿರಿ. 1972ರ ಕಾನೂನಿನ ಪ್ರಕಾರ 100 ವರ್ಷ ದಾಟಿದ ಶಿಲ್ಪವೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯೂ ಪ್ರಾಚೀನ ವಸ್ತುವೇ ಆಗುವುವು. ಅಟ್ಟದ ಮೇಲಿನ ಓಲೆಗರಿಗಳನ್ನು ಒಲೆಗೆ ಹಾಕುವ ಮೊದಲು ಓದಬಲ್ಲವರಿಗೆ ತೋರಿಸಿರಿ. ಮಧುಕೇಶ್ವರ ದೇವಾಲಯದಂತೆ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡಕ್ಕೆ ನಿಷೇಧವುಂಟು. ನೆರೆಯವರಿಗೆ ಇದರಿಂದ ತೊಂದರೆಯಾಗುವುದು ನಿಜ; ಆದರೆ ಆ ನಿಷೇಧವಿಲ್ಲದೆ ಹೋದರೆ ನಾಳೆ ಗುಡಿಯ ಬೆನ್ನಿಗೆ ಅಂಗಡಿಯ ಗೋಡೆ ಏಳುವುದೂ ನಿಜ.

ಐದನೆಯದಾಗಿ, ವಂತಿಗೆಯ ವಿಷಯ. ಕೊಡಬೇಡಿರೆಂದು ನಾವು ಹೇಳಲಾರೆವು, ಕೇಳಿ ಕೊಡಿರಿ. ಹಳೆಯ ಗುಡಿಯಲ್ಲಿ ನಿಜವಾಗಿ ಕೆಟ್ಟಿರುವುದು ಯಾವ ಭಾಗ? ಅದನ್ನಷ್ಟೇ ಸರಿಪಡಿಸಲು ಸಾಧ್ಯವೇ ಎಂದು ತಿಳಿದವರನ್ನು ಕೇಳಿರುವಿರಾ? ತೆಗೆದ ಕಲ್ಲು, ಮರ, ಚಿತ್ರಗಳನ್ನು ಎಲ್ಲಿಡುವಿರಿ? ಈ ಮೂರು ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಬಂದರೆ ಎರಡು ಪಟ್ಟು ಕೊಡಿರಿ. ಬಾರದಿದ್ದರೆ ಊರ ಸಭೆಯಲ್ಲಿ ಎದ್ದು ನಿಂತು ವಿನಯದಿಂದ ಕೇಳಿರಿ. ಒಬ್ಬರು ಕೇಳಿದರೆ ಮತ್ತೆ ನಾಲ್ವರಿಗೆ ಧೈರ್ಯ ಬರುವುದು.

ನಮ್ಮ ಪ್ರಾಚೀನ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳ ತಾತ್ಪರ್ಯವನ್ನು ಅನೇಕರು ಕೇಳಿರಬಹುದು. ತಾನು ಹೊಸದಾಗಿ ದಾನ ಕೊಡುವುದು ಒಂದು ಪುಣ್ಯ, ಹಿಂದಿನವರು ಕೊಟ್ಟುದನ್ನು ಕಾಪಾಡುವುದು ಅದಕ್ಕಿಂತ ಹೆಚ್ಚಿನ ಪುಣ್ಯವೆಂದು ಅವು ಸಾರುವುವು. ರಾಜ್ಯವು ಕೈಯಿಂದ ಕೈಗೆ ಹೋಗುವುದೆಂಬುದನ್ನು ಬಲ್ಲ ಅರಸರು ಮುಂದೆ ಬರುವವರನ್ನು ಬೇಡಿಕೊಂಡ ಮಾತಿದು. ಮುಂದೆ ಬರುವವರೆಂದು ಅವರು ಕರೆದವರು ಇಂದು ನಾವೇ ಆಗಿರುವೆವು. ಮಳೆಗಾಲಕ್ಕೆ ಇನ್ನೂ ದಿನಗಳಿರುವಾಗಲೇ ಒಂದು ಏಣಿ ಹಾಕಿ, ಮಾಡನ್ನು ಹತ್ತಿ, ಒಡೆದ ಹಂಚುಗಳೆಷ್ಟೆಂದು ಎಣಿಸಿರಿ. ಜೀರ್ಣೋದ್ಧಾರಕ್ಕೆ ಅದೇ ಮೊದಲನೆಯ ಮುಹೂರ್ತ.